ಲೈನ್ ಯಾರದು, ಐಸ್ ಮೇಲೆ ಎಷ್ಟು ಹೊತ್ತು: ಒಂದು ಐಸ್ ಹಾಕಿ ಸೀಸನ್ ಓದುವ ಸಮಗ್ರ ಮಾರ್ಗದರ್ಶಿ

ಐಸ್ ಹಾಕಿ ನೋಡುವವರು ಗೋಲ್ ನೋಡುತ್ತಾರೆ, ಹೊಡೆದಾಟ ನೋಡುತ್ತಾರೆ. ಸೀಸನ್ನಿನ ಹಣೆಬರಹ ಮಾತ್ರ ಬೆಂಚಿನ ಬಾಗಿಲ ಹತ್ತಿರ ಬರೆಯಲಾಗುತ್ತಿರುತ್ತದೆ. ಯಾರು ಯಾರ ಜೊತೆ ಇಳಿದರು, ಎಷ್ಟು ಹೊತ್ತು ಇದ್ದರು, ಯಾವ ಹುಡುಗನನ್ನು ಕೋಚ್ ಯಾವಾಗ ನಂಬಿದ, ಯಾವಾಗ ಕೂರಿಸಿದ. ಇದನ್ನು ಓದಲು ಬಂದರೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಉದ್ದದ ಸೀಸನ್ ಬೋರ್ ಹೊಡೆಸುವುದಿಲ್ಲ.

ಹಾಕಿ ಅಂದರೆ ನಮಗೆ ಕೊಡಗು, ಹುಲ್ಲಿನ ಮೈದಾನ. ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್ ಬಗ್ಗೆ. ಸ್ಯಾನ್ ಹೋಸೆ, ಟೊರಾಂಟೊ ಕಡೆ ನೆಲೆಸಿದ ಕನ್ನಡಿಗರು ಬಹಳ. ಅವರ ಮಕ್ಕಳು ಶಾಲೆಯಿಂದ ಈ ಆಟದ ಮಾತು ಹೊತ್ತು ಬರುತ್ತಾರೆ. ಅಪ್ಪ ಅಮ್ಮನಿಗೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಎಲ್ಲಿದೆ ಅಂತ ಕಾಣುವುದೇ ಕಷ್ಟ. ಬೆಂಗಳೂರಿನಲ್ಲಿ ಕೂತು ನೋಡುವವರಿಗೂ ಇದು ಅನ್ವಯಿಸುತ್ತದೆ. ಸ್ಯಾನ್ ಹೋಸೆಯಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ ಎಂಟೂವರೆ. ಇಡ್ಲಿ ತಿನ್ನುತ್ತಾ ನೋಡಬಹುದು.

ಉದಾಹರಣೆಗೆ ಎರಡು ತಂಡ ಇಟ್ಟುಕೊಂಡಿದ್ದೇನೆ. ಒಂದು, 2015-16ರ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್. ಡಿಸೆಂಬರ್‌ನಲ್ಲಿ ಕೋಚ್ ಕೆಲಸ ಕಳೆದುಕೊಂಡ, ಜೂನ್‌ನಲ್ಲಿ ತಂಡ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿತು. ಇನ್ನೊಂದು, 2024-25ರ ಸ್ಯಾನ್ ಹೋಸೆ ಶಾರ್ಕ್ಸ್. ಆ ವರ್ಷ ಲೀಗಿಗೇ ಕೊನೆ, ಆದರೂ ಅಭಿಮಾನಿಗಳ ಮುಖದಲ್ಲಿ ನಗು. 2016ರ ಫೈನಲ್‌ನಲ್ಲಿ ಪೆಂಗ್ವಿನ್ಸ್ ಸೋಲಿಸಿದ್ದು ಇದೇ ಶಾರ್ಕ್ಸನ್ನು.

ಮೊದಲ ಹೆಜ್ಜೆ: ಒಂದು ಹಾಳೆ, ಇಪ್ಪತ್ತು ಹೆಸರು

ಪಂದ್ಯಕ್ಕೆ ಮುಂಚೆ ತಂಡದ ಪಟ್ಟಿ ಬರೆದುಕೊಳ್ಳಿ. ಒಂದು ಪಂದ್ಯಕ್ಕೆ 20 ಜನ ಸಜ್ಜಾಗುತ್ತಾರೆ. ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್, 2 ಗೋಲಿ (ಗೋಲ್‌ಕೀಪರ್). ಫಾರ್ವರ್ಡ್‌ಗಳು ಮೂವರಂತೆ ನಾಲ್ಕು ಲೈನ್ ಆಗುತ್ತಾರೆ: ನಡುವೆ ಸೆಂಟರ್, ಎರಡು ಬದಿಗೆ ವಿಂಗರ್. ಡಿಫೆನ್ಸ್ ಮೂರು ಜೋಡಿ. ಐಸ್ ಮೇಲೆ ಒಂದು ಸಲಕ್ಕೆ ಒಂದು ಲೈನ್, ಒಂದು ಜೋಡಿ, ಒಬ್ಬ ಗೋಲಿ.

ಈ ಪಟ್ಟಿ ಸಿಗುವುದು ಸುಲಭ. ಡೈಲಿ ಫೇಸ್‌ಆಫ್ ಥರದ ತಾಣಗಳಲ್ಲಿ ಪ್ರತಿ ತಂಡದ ಇವತ್ತಿನ ಲೈನ್ ಇರುತ್ತದೆ. ಬೆಳಗಿನ ಪ್ರಾಕ್ಟೀಸ್‌ನಲ್ಲಿ ಯಾರು ಯಾವ ಬಣ್ಣದ ಜೆರ್ಸಿ ಹಾಕಿದ್ದರು ಅಂತ ನೋಡಿ ವರದಿಗಾರರು ಬರೆಯುತ್ತಾರೆ. ಒಂದೇ ಬಣ್ಣದವರು ಒಂದೇ ಲೈನ್.

ಪ್ರತಿ ಹೆಸರಿನ ಪಕ್ಕ ಎರಡು ಅಂಕಿ ಹಾಕಿ: ವಯಸ್ಸು ಮತ್ತು ಕಳೆದ ಪಂದ್ಯದಲ್ಲಿ ಐಸ್ ಮೇಲಿದ್ದ ನಿಮಿಷ. ಗೋಲ್ ಲೆಕ್ಕ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ಪಂದ್ಯ 60 ನಿಮಿಷ, 20 ನಿಮಿಷದ ಮೂರು ಪೀರಿಯಡ್. ಮೊದಲ ಲೈನಿನ ಫಾರ್ವರ್ಡ್‌ಗೆ ಸುಮಾರು 20 ನಿಮಿಷ ಸಿಗುತ್ತದೆ. ನಾಲ್ಕನೇ ಲೈನಿನವನಿಗೆ 8ರಿಂದ 11. ಮೊದಲ ಜೋಡಿಯ ಡಿಫೆನ್ಸ್ 24, 25 ನಿಮಿಷ ಕೂಡ ಆಡುತ್ತಾನೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ನಾಲ್ಕನೇ ಲೈನ್ ಅಂದರೆ ಹತ್ತು, ಹನ್ನೊಂದನೇ ನಂಬರಿನ ಬ್ಯಾಟ್ಸ್‌ಮನ್ ಅನ್ನಿಸುತ್ತದೆ. ಹಾಗಲ್ಲ. ಟೇಲೆಂಡರ್‌ಗೆ ಪ್ರತಿ ಪಂದ್ಯದಲ್ಲೂ ಬ್ಯಾಟ್ ಸಿಗಲೇಬೇಕೆಂದಿಲ್ಲ. ನಾಲ್ಕನೇ ಲೈನ್ ಮಾತ್ರ ಪ್ರತಿ ಪಂದ್ಯದಲ್ಲೂ ಇಳಿಯುತ್ತದೆ, ಮತ್ತು ಆ ಹೊತ್ತಿನಲ್ಲಿ ಗೋಲ್ ಬಿಟ್ಟುಕೊಡದಿದ್ದರೆ ಸಾಕು, ಅದೇ ಗೆಲುವು.

ಎರಡನೇ ಹೆಜ್ಜೆ: ಪಕ್ ಬಿಡಿ, ಬೆಂಚು ನೋಡಿ

ಒಂದು ಶಿಫ್ಟ್, ಅಂದರೆ ಐಸಿಗೆ ಇಳಿದು ಬೆಂಚಿಗೆ ವಾಪಸ್ ಬರುವವರೆಗಿನ ಹೊತ್ತು, ಸುಮಾರು 45 ಸೆಕೆಂಡು. ಪೂರ್ತಿ ದಮ್ಮು ಹಾಕಿ ಸ್ಕೇಟ್ ಮಾಡಿದರೆ ಅಷ್ಟರಲ್ಲಿ ಕಾಲು ಉರಿಯತೊಡಗುತ್ತದೆ. ಒಂದು ನಿಮಿಷ ದಾಟಿದವನು ತಪ್ಪು ಮಾಡಲು ಶುರು ಮಾಡುತ್ತಾನೆ. ಅದಕ್ಕೇ ಆಟ ನಿಲ್ಲುವುದನ್ನು ಕಾಯದೆ ಓಡುವ ಆಟದಲ್ಲೇ ಲೈನ್ ಬದಲಾಗುತ್ತದೆ. ಪಕ್ಕನ್ನು ಎದುರಾಳಿಯ ಮೂಲೆಗೆ ತಳ್ಳುತ್ತಾರೆ, ಅವರು ಅದನ್ನು ತರುವಷ್ಟರಲ್ಲಿ ಹಳಬರು ಬೆಂಚಿಗೆ, ಹೊಸಬರು ಐಸಿಗೆ.

ಇಲ್ಲಿ ನಿಯಮ ಸ್ವಲ್ಪ ಗೊತ್ತಿರಬೇಕು. ಹೊರಬರುವವನು ತನ್ನ ಬೆಂಚಿನಿಂದ ಐದು ಅಡಿಯೊಳಗೆ ಬಂದ ಮೇಲೆ ಮಾತ್ರ ಹೊಸಬ ಇಳಿಯಬಹುದು. ಅವಸರ ಮಾಡಿದರೆ ಜನ ಜಾಸ್ತಿಯಾದರು ಅಂತ ಎರಡು ನಿಮಿಷದ ಪೆನಲ್ಟಿ, ಅಷ್ಟು ಹೊತ್ತು ಒಬ್ಬ ಕಡಿಮೆ ಇಟ್ಟುಕೊಂಡು ಆಡಬೇಕು. ಸಣ್ಣ ವಿಷಯ ಅಂದುಕೊಳ್ಳಬೇಡಿ. 1979ರ ಮೇ 10, ಸೆಮಿಫೈನಲ್‌ನ ಏಳನೇ ಪಂದ್ಯ. ಮಾಂಟ್ರಿಯಲ್ ವಿರುದ್ಧ ಬಾಸ್ಟನ್ ಒಂದು ಗೋಲ್ ಮುಂದಿತ್ತು, ಉಳಿದಿದ್ದು ಮೂರು ನಿಮಿಷಕ್ಕಿಂತ ಕಡಿಮೆ. ಬಾಸ್ಟನ್ ಬೆಂಚಿನಿಂದ ಒಬ್ಬ ಹೆಚ್ಚಿಗೆ ಇಳಿದುಬಿಟ್ಟ. ಆ ಪೆನಲ್ಟಿಯ ಹೊತ್ತಿನಲ್ಲಿ ಮಾಂಟ್ರಿಯಲ್‌ನ ಗೀ ಲಾಫ್ಲರ್ ಸಮ ಮಾಡಿದ, ಓವರ್‌ಟೈಮ್‌ನಲ್ಲಿ ಇವಾನ್ ಲಾಂಬೇರ್ ಮುಗಿಸಿದ. ಬಾಸ್ಟನ್ ಕೋಚ್ ಡಾನ್ ಚೆರ್ರಿಗೆ ಆ ತಂಡದಲ್ಲಿ ಅದೇ ಕೊನೆ ಸೀಸನ್. ಒಂದು ಕೆಟ್ಟ ಲೈನ್ ಬದಲಾವಣೆ ಇಡೀ ವರ್ಷವನ್ನು ನುಂಗಿತು.

ಎರಡನೇ ಪೀರಿಯಡ್ ಬಂದಾಗ ಇನ್ನಷ್ಟು ಗಮನ ಇಡಿ. ತಂಡಗಳು ಬದಿ ಬದಲಾಯಿಸಿರುತ್ತವೆ, ಬೆಂಚು ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಸ್ವಂತ ಗೋಲು ಕಾಯುತ್ತಿರುವವರಿಗೆ ಬೆಂಚು ದೂರ. ಸುಸ್ತಾದವರು ಸಿಕ್ಕಿಹಾಕಿಕೊಳ್ಳುತ್ತಾರೆ. ಅದರ ಮೇಲೆ ಐಸಿಂಗ್ (ನಡುಗೆರೆ ದಾಟುವ ಮುಂಚೆಯೇ ಪಕ್ಕನ್ನು ಎದುರಾಳಿಯ ಗೋಲ್ ಗೆರೆಯಾಚೆಗೆ ಹೊಡೆದುಬಿಡುವುದು) ಆದರಂತೂ ಮುಗಿಯಿತು: 2005-06ರಿಂದ ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಾಯಿಸುವಂತಿಲ್ಲ. ಏದುಸಿರು ಬಿಡುತ್ತಾ ಅದೇ ಐವರು ತಮ್ಮ ಗೋಲಿನ ಪಕ್ಕದಲ್ಲೇ ಫೇಸ್‌ಆಫ್‌ಗೆ (ಇಬ್ಬರ ನಡುವೆ ಪಕ್ ಬಿಟ್ಟು ಆಟ ಮತ್ತೆ ಶುರು ಮಾಡುವುದು) ನಿಲ್ಲಬೇಕು.

ಅಭ್ಯಾಸಕ್ಕೆ ಹೀಗೆ ಮಾಡಿ. ಎರಡನೇ ಪೀರಿಯಡ್‌ನಲ್ಲಿ ಹತ್ತು ನಿಮಿಷ ಒಬ್ಬನೇ ಹೊಸ ಹುಡುಗನನ್ನು ಹಿಂಬಾಲಿಸಿ. ಫೋನಿನ ಸ್ಟಾಪ್‌ವಾಚ್ ಹಾಕಿ ಅವನ ಶಿಫ್ಟ್ ಅಳೆಯಿರಿ. ಹೊಸಬರ ಮೊದಲ ರೋಗವೇ ಉದ್ದದ ಶಿಫ್ಟ್. ಜೂನಿಯರ್ ಲೀಗಿನಲ್ಲಿ ಅವನೇ ಸ್ಟಾರ್, ಎಷ್ಟು ಹೊತ್ತು ಇದ್ದರೂ ನಡೆಯುತ್ತಿತ್ತು. ಇಲ್ಲಿ ನಡೆಯುವುದಿಲ್ಲ. ಅಕ್ಟೋಬರ್‌ನಲ್ಲಿ 60 ಸೆಕೆಂಡು ಇದ್ದದ್ದು ಜನವರಿಯಲ್ಲಿ 45ಕ್ಕೆ ಇಳಿದಿದ್ದರೆ ಹುಡುಗ ಕಲಿಯುತ್ತಿದ್ದಾನೆ ಅಂತ ಲೆಕ್ಕ.

ಮೂರನೇ ಹೆಜ್ಜೆ: ಕೊನೆಯ ಬದಲಾವಣೆ ಯಾರ ಕೈಯಲ್ಲಿ?

ಆಟ ನಿಂತಾಗ ಮೊದಲು ಹೊರ ಊರಿನ ತಂಡ ತನ್ನ ಲೈನ್ ಇಳಿಸಬೇಕು. ಅದನ್ನು ನೋಡಿಕೊಂಡು ಮನೆ ತಂಡದ ಕೋಚ್ ತನ್ನವರನ್ನು ಇಳಿಸುತ್ತಾನೆ. ಮನೆಯಂಗಳದ ನಿಜವಾದ ಲಾಭ ಇದು. ಪ್ರೇಕ್ಷಕರ ಕೂಗು ಆಮೇಲೆ.

ಇದನ್ನು ಕೋಚ್ ಎರಡು ಥರ ಬಳಸುತ್ತಾನೆ. ಎದುರಾಳಿಯ ಸ್ಟಾರ್ ಮೇಲೆ ತನ್ನ ಗಟ್ಟಿ ಡಿಫೆನ್ಸ್ ಲೈನನ್ನು ಛೂ ಬಿಡುತ್ತಾನೆ. ಅಥವಾ ತನ್ನ ಎಳೆ ಹುಡುಗರನ್ನು ಎದುರಾಳಿಯ ಮೂರನೇ, ನಾಲ್ಕನೇ ಲೈನಿನ ಮುಂದೆ ಇಳಿಸಿ ಸ್ವಲ್ಪ ಕಾಪಾಡುತ್ತಾನೆ.

ನಿಮ್ಮ ಹಾಳೆಯಲ್ಲಿ ಹುಡುಗನ ನಿಮಿಷಗಳನ್ನು ಮನೆ, ಹೊರಗೆ ಅಂತ ಎರಡು ಸಾಲಿನಲ್ಲಿ ಬರೆಯಿರಿ. ಮನೆಯಲ್ಲಿ 16, ಹೊರಗೆ 11 ಅಂತಿದ್ದರೆ ಕೋಚ್‌ಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಎರಡೂ ಹತ್ತಿರ ಬಂದ ದಿನ ಪತ್ರಿಕಾಗೋಷ್ಠಿಯಲ್ಲಿ ಕೋಚ್ ಏನು ಹೇಳಿದ ಅಂತ ಕೇಳಬೇಕಾಗಿಲ್ಲ.

ನಾಲ್ಕನೇ ಹೆಜ್ಜೆ: ಲೈನ್ ಏಕೆ ಬದಲಾಯಿತು ಅಂತ ಕೇಳಿ

ಇಲ್ಲಿ ಸ್ವಲ್ಪ ನಿಲ್ಲೋಣ, ವಿಷಯದ ತಿರುಳು ಇದೇ. ಒಂದು ದಿನ ಪಟ್ಟಿ ನೋಡಿದರೆ ನಿನ್ನೆಯ ಮೂವರು ಇವತ್ತು ಒಟ್ಟಿಗಿಲ್ಲ. ಕಾರಣ ಹುಡುಕದೆ ಮುಂದೆ ಹೋಗಬೇಡಿ.

ಪಂದ್ಯದ ನಡುವೆ, ಎರಡು ಗೋಲ್ ಹಿಂದಿರುವಾಗ ಆಗುವ ಬದಲಾವಣೆಗೆ ಬೆಲೆ ಕಡಿಮೆ. ಕೋಚ್ ಸುಮ್ನೆ ನಿದ್ದೆಯಿಂದ ಎಬ್ಬಿಸುತ್ತಿದ್ದಾನೆ. ಮರುದಿನ ಪ್ರಾಕ್ಟೀಸ್‌ನಲ್ಲೂ ಅದೇ ಲೈನ್ ಉಳಿದರೆ ಮಾತ್ರ ಬರೆದುಕೊಳ್ಳಿ. ಗಾಯದಿಂದ ಆದ ಬದಲಾವಣೆ ಬೇರೆ. ಅದು ಬಲವಂತದ್ದು, ಆದರೆ ಎಷ್ಟೋ ಒಳ್ಳೆಯ ಲೈನ್ ಹುಟ್ಟುವುದು ಹಾಗೆಯೇ. ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಆಗಿ ಹೊಸಬ ಬಂದರೆ ಅವನೊಬ್ಬನಲ್ಲ, ನಾಲ್ಕೂ ಲೈನ್ ಒಂದೊಂದು ಮೆಟ್ಟಿಲು ಸರಿಯುತ್ತವೆ.

ಪೆಂಗ್ವಿನ್ಸ್ ಕಥೆಯಲ್ಲಿ ಇವೆಲ್ಲ ಒಂದೇ ವರ್ಷದಲ್ಲಿ ಸಿಗುತ್ತವೆ. 2015ರ ಜುಲೈನಲ್ಲಿ ಟೊರಾಂಟೊದಿಂದ ಫಿಲ್ ಕೆಸೆಲ್ ಬಂದ, ವ್ಯಾಂಕೂವರ್‌ನಿಂದ ನಿಕ್ ಬೊನಿನೊ ಬಂದ. ಸಿಡ್ನಿ ಕ್ರಾಸ್ಬಿ, ಎವ್ಗೆನಿ ಮಾಲ್ಕಿನ್ ಮೊದಲೇ ಇದ್ದರು. ಹೆಸರು ನೋಡಿದರೆ ಕಪ್ ಇವರದೇ ಅನ್ನಬೇಕು. ಆದರೆ ಡಿಸೆಂಬರ್ 12ರ ಹೊತ್ತಿಗೆ 28 ಪಂದ್ಯದಲ್ಲಿ ಗೆದ್ದಿದ್ದು 15. ಕೋಚ್ ಮೈಕ್ ಜಾನ್‌ಸ್ಟನ್ ಹೋದರು. ಜಾಗಕ್ಕೆ ಬಂದವರು ಮೈಕ್ ಸಲಿವನ್, ಅದೇ ತಂಡದ ಕೆಳಗಿನ ಹಂತವಾದ ವಿಲ್ಕ್ಸ್-ಬ್ಯಾರಿಯ ಕೋಚ್.

ಸಲಿವನ್ ಬಂದ ಮೇಲೆ ಮೊದಲ ನಾಲ್ಕೂ ಪಂದ್ಯ ಸೋಲು. ಆಗ ಕೈಬಿಟ್ಟ ಅಭಿಮಾನಿಗಳು ಎಷ್ಟೋ. ಆದರೆ ತೆರೆಯ ಹಿಂದೆ ತಂಡ ವೇಗ ಪಡೆಯುತ್ತಿತ್ತು. ನಿಧಾನದ ಡಿಫೆನ್ಸ್ ಆಟಗಾರ ರಾಬ್ ಸ್ಕುಡೆರಿ ಶಿಕಾಗೋಗೆ ಹೋದ, ಸ್ಕೇಟಿಂಗ್ ಬಲ್ಲ ಟ್ರೆವರ್ ಡೇಲಿ ಬಂದ. ಜನವರಿಯಲ್ಲಿ ಡೇವಿಡ್ ಪೆರಾನ್ ಅನಾಹೈಮ್‌ಗೆ, ಅಲ್ಲಿಂದ ಕಾರ್ಲ್ ಹಾಗೆಲಿನ್. ಲೀಗಿನ ಅತಿ ವೇಗದ ಕಾಲುಗಳಲ್ಲಿ ಅವನದೂ ಒಂದು.

ಮಾರ್ಚ್‌ನಲ್ಲಿ ಮಾಲ್ಕಿನ್‌ಗೆ ಗಾಯವಾಯಿತು. ಖಾಲಿ ಜಾಗ ತುಂಬಲು ಹಾಗೆಲಿನ್, ಬೊನಿನೊ, ಕೆಸೆಲ್ ಒಂದಾದರು. ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಎಚ್‌ಬಿಕೆ ಲೈನ್ ಅಂತ ಕರೆದರು. ಕಾಗದದ ಮೇಲೆ ಇದು ಮೂರನೇ ಲೈನ್. ಪ್ಲೇಆಫ್‌ನಲ್ಲಿ ಈ ಮೂವರು ಸೇರಿ 20 ಗೋಲ್, 56 ಪಾಯಿಂಟ್ (ಆಟಗಾರನ ಪಾಯಿಂಟ್ ಅಂದರೆ ಹೊಡೆದ ಗೋಲ್ ಮತ್ತು ಗೋಲ್ ಆಗಲು ಕೊಟ್ಟ ಪಾಸ್ ಸೇರಿದ ಲೆಕ್ಕ). ಎದುರಾಳಿ ಕೋಚ್‌ಗಳು ತಮ್ಮ ಒಳ್ಳೆಯ ಡಿಫೆನ್ಸ್ ಜೋಡಿಯನ್ನು ಕ್ರಾಸ್ಬಿ ಮೇಲೆ ಇಟ್ಟರೆ ಮಾಲ್ಕಿನ್ ಇದ್ದಾನೆ. ಎರಡನೆಯದನ್ನು ಮಾಲ್ಕಿನ್ ಮೇಲೆ ಇಟ್ಟರೆ ಕೆಸೆಲ್‌ಗೆ ಸಿಕ್ಕುವುದು ಮೂರನೇ ಜೋಡಿ. ಲೆಕ್ಕ ಇಷ್ಟೇ.

ನನ್ನ ಪ್ರಕಾರ ಆ ವರ್ಷದ ಅತ್ಯುತ್ತಮ ಕೋಚಿಂಗ್ ನಿರ್ಧಾರ ಮಾಲ್ಕಿನ್ ವಾಪಸ್ ಬಂದ ಮೇಲೆ ಆಗಿದ್ದು. ದೊಡ್ಡ ಹೆಸರು ಬಂದಾಗ ಕೆಸೆಲ್‌ನನ್ನು ಅವನ ಪಕ್ಕಕ್ಕೆ ಕಳಿಸುವುದು ಸಹಜ. ಸಲಿವನ್ ಎಚ್‌ಬಿಕೆ ಮುಟ್ಟಲಿಲ್ಲ. ಲೈನ್ ಬದಲಿಸದೆ ಸುಮ್ಮನಿರುವುದೂ ಒಂದು ನಿರ್ಧಾರ. ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಹಾಗಾಗಿ ನಾವೇ ಬರೆದಿಟ್ಟುಕೊಳ್ಳಬೇಕು.

ಐದನೇ ಹೆಜ್ಜೆ: ಹೊಸ ಲೈನಿಗೆ ತಕ್ಷಣ ಮಾರ್ಕ್ಸ್ ಹಾಕಬೇಡಿ

ಹೊಸ ಮೂವರು ಮೊದಲ ರಾತ್ರಿ ಮೂರು ಗೋಲ್ ಹೊಡೆದರೆ ಊರೆಲ್ಲ ಕುಣಿಯುತ್ತದೆ. ನಾಲ್ಕು ಪಂದ್ಯ ಗೋಲ್ ಇಲ್ಲದಿದ್ದರೆ ಬೈಗುಳ. ಎರಡೂ ಬೇಗ ಆಯಿತು. ಒಂದು ಲೈನ್ ಒಟ್ಟಿಗೆ ಪಂದ್ಯಕ್ಕೆ ಹತ್ತು, ಹನ್ನೆರಡು ನಿಮಿಷ ಸಮಬಲದ (ಎರಡೂ ಕಡೆ ಐವರಿರುವ) ಆಟ ಆಡುತ್ತದೆ. ನೂರು ನಿಮಿಷ ಆಗಬೇಕಾದರೆ ಒಂಬತ್ತು, ಹತ್ತು ಪಂದ್ಯ ಬೇಕು. ಅಲ್ಲಿಯವರೆಗೆ ನಾನಂತೂ ಬಾಯಿ ಬಿಡುವುದಿಲ್ಲ.

ಅಷ್ಟರೊಳಗೆ ನೋಡಬೇಕಾದ್ದು ಶಾಟ್‌ಗಳ ಪಾಲು. ಆ ಮೂವರು ಐಸ್ ಮೇಲಿದ್ದಾಗ ಎರಡೂ ಕಡೆಯಿಂದ ನೂರು ಶಾಟ್ ಪ್ರಯತ್ನ ಆದರೆ ನಮ್ಮದೆಷ್ಟು? 50ಕ್ಕಿಂತ ಮೇಲಿದ್ದರೆ ಪಕ್ ನಮ್ಮ ಹತ್ತಿರ ಜಾಸ್ತಿ ಇತ್ತು ಅಂತ ಅರ್ಥ. ನ್ಯಾಚುರಲ್ ಸ್ಟ್ಯಾಟ್ ಟ್ರಿಕ್, ಮನಿಪಕ್ ತಾಣಗಳಲ್ಲಿ ಇದು ಲೈನ್‌ವಾರು ಉಚಿತವಾಗಿ ಸಿಗುತ್ತದೆ.

ಜೊತೆಗೆ ಪಿಡಿಒ ಅಂತ ಒಂದು ಅಂಕಿ ಇದೆ. ಆ ಲೈನ್ ಆಡುವಾಗ ನಮ್ಮ ಶಾಟ್‌ಗಳಲ್ಲಿ ಎಷ್ಟು ಶೇಕಡಾ ಗೋಲ್ ಆಯಿತು, ನಮ್ಮ ಗೋಲಿ ಎಷ್ಟು ಶೇಕಡಾ ತಡೆದ, ಎರಡನ್ನೂ ಕೂಡಿಸಿದರೆ ಬರುವುದು. ಲೀಗ್ ಪೂರ್ತಿ ತೆಗೆದುಕೊಂಡರೆ ಅದು ನೂರರ ಆಸುಪಾಸು. ಒಂದು ಲೈನಿನದು 106 ಇದ್ದರೆ ಅದೃಷ್ಟ ಓಡುತ್ತಿದೆ, ಇಳಿಯುತ್ತದೆ. 94 ಇದ್ದು ಶಾಟ್ ಪಾಲು ಚೆನ್ನಾಗಿದ್ದರೆ ತಾಳ್ಮೆ ಇರಲಿ.

ಗೆಲುವು ಸೋಲಿಗಿಂತ ಇದು ಮೊದಲೇ ಹೇಳುತ್ತದೆ. ಸಲಿವನ್ ಸೋತ ಆ ನಾಲ್ಕು ಪಂದ್ಯದಿಂದ ಅವರ ಸೀಸನ್ ಅಳೆದಿದ್ದರೆ ಮೋಸ ಹೋಗುತ್ತಿದ್ದೆವು. ಅವರ ಕೈಯಲ್ಲಿ ತಂಡ 54 ಪಂದ್ಯದಲ್ಲಿ 33 ಗೆದ್ದು, ಅಂಕಪಟ್ಟಿಯಲ್ಲಿ ಇಡೀ ಸೀಸನ್ನಿಗೆ ಒಟ್ಟು 104 ಪಾಯಿಂಟ್‌ಗೆ ಮುಟ್ಟಿತು.

ಆರನೇ ಹೆಜ್ಜೆ: ಹುಡುಗನ ಕಾಗದಪತ್ರ

ಕೆಲವೊಮ್ಮೆ ಒಬ್ಬ ಹುಡುಗ ಒಂಬತ್ತು ಪಂದ್ಯ ಚೆನ್ನಾಗಿ ಆಡಿ ಇದ್ದಕ್ಕಿದ್ದಂತೆ ಕಾಣೆಯಾಗುತ್ತಾನೆ. ಗಾಯವಲ್ಲ, ಗಣಿತ. 18, 19ರ ವಯಸ್ಸಿನಲ್ಲಿ ಸಹಿ ಹಾಕಿದವನು ಒಂದು ಸೀಸನ್‌ನಲ್ಲಿ ಹತ್ತಕ್ಕಿಂತ ಕಡಿಮೆ ಎನ್‌ಎಚ್‌ಎಲ್ ಪಂದ್ಯ ಆಡಿದರೆ ಅವನ ಮೂರು ವರ್ಷದ ಮೊದಲ ಕರಾರು ಶುರುವೇ ಆಗುವುದಿಲ್ಲ, ಒಂದು ವರ್ಷ ಮುಂದೆ ಜಾರುತ್ತದೆ. ಹತ್ತನೇ ಪಂದ್ಯ ಆಡಿಸಿದರು ಅಂದರೆ ತಂಡ ಒಂದು ವರ್ಷದ ಅಗ್ಗದ ಸಂಬಳವನ್ನು ಖರ್ಚು ಮಾಡಲು ತಯಾರಿದೆ ಅಂತ. ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಗುರುತು ಹಾಕಿ.

ಅಗ್ಗ ಅಂದರೆ ಎಷ್ಟು ಅಗ್ಗ? 2024ರಲ್ಲಿ ಡ್ರಾಫ್ಟ್ (ತಂಡಗಳು ಸರದಿಯಂತೆ ಎಳೆ ಆಟಗಾರರನ್ನು ಆರಿಸಿಕೊಳ್ಳುವುದು) ಆದವನ ಮೂಲ ಸಂಬಳ ವರ್ಷಕ್ಕೆ 9.75 ಲಕ್ಷ ಡಾಲರ್ ದಾಟುವಂತಿಲ್ಲ, ಬೋನಸ್ ಬೇರೆ. ನಮಗೆ ಕಣ್ಣು ಕುಕ್ಕುವ ಮೊತ್ತ, ನಿಜ. ಆದರೆ 2025-26ರಲ್ಲಿ ಇಡೀ ತಂಡದ ಸಂಬಳದ ಮಿತಿ 9.55 ಕೋಟಿ ಡಾಲರ್. ಈ ಮಿತಿಯನ್ನು ದುಡ್ಡಿದ್ದವರೂ ದಾಟುವಂತಿಲ್ಲ. ಹಾಗಾಗಿ ಹತ್ತು ಲಕ್ಷಕ್ಕೆ ಮೊದಲ ಲೈನ್ ಆಡುವ ಹುಡುಗ ಸಿಕ್ಕರೆ ಉಳಿದ ದುಡ್ಡಲ್ಲಿ ಒಂದು ಡಿಫೆನ್ಸ್ ಜೋಡಿಯನ್ನೇ ಕೊಳ್ಳಬಹುದು.

2015-16ರಲ್ಲಿ ಮಿತಿ 7.14 ಕೋಟಿ. ಪೆಂಗ್ವಿನ್ಸ್‌ನಲ್ಲಿ ಕ್ರಾಸ್ಬಿ 87 ಲಕ್ಷ, ಮಾಲ್ಕಿನ್ 95 ಲಕ್ಷ, ಡಿಫೆನ್ಸ್‌ನ ಕ್ರಿಸ್ ಲಟಾಂಗ್ 72.5 ಲಕ್ಷ. ಮೂವರೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತಿಂದರು. ಉಳಿದ ಜಾಗಕ್ಕೆ ಅಗ್ಗದ ಹುಡುಗರು ಬೇಕೇ ಬೇಕಿತ್ತು. ಶಿಕಾಗೋ ಕಥೆ ಇದರ ಇನ್ನೊಂದು ಮುಖ. 2010ರಲ್ಲಿ ಅವರು ಕಪ್ ಗೆದ್ದಾಗ ಜೊನಾಥನ್ ಟೇವ್ಸ್, ಪ್ಯಾಟ್ರಿಕ್ ಕೇನ್ ಇಬ್ಬರೂ ಮೊದಲ ಕರಾರಿನ ಕೊನೆ ವರ್ಷದಲ್ಲಿದ್ದರು. ಮುಂದಿನ ವರ್ಷದಿಂದ ಅವರ ಸಂಬಳ ಏರಿತು. ಡಸ್ಟಿನ್ ಬಫ್ಲಿನ್, ಆಂಡ್ರೂ ಲ್ಯಾಡ್, ಕ್ರಿಸ್ ವರ್ಸ್ಟೀಗ್ ಎಲ್ಲರನ್ನೂ ಅದೇ ಬೇಸಿಗೆಯಲ್ಲಿ ಕಳಿಸಬೇಕಾಯಿತು.

ಇನ್ನೊಂದು ತೊಡಕು. ಕೆನಡಾದ ಜೂನಿಯರ್ ಲೀಗಿನಿಂದ ಬಂದ 18, 19ರ ಹುಡುಗನನ್ನು ಕೆಳಗಿನ ವೃತ್ತಿಪರ ಲೀಗಾದ ಎಎಚ್‌ಎಲ್‌ಗೆ ಸುಲಭವಾಗಿ ಕಳಿಸಲು ಬರುತ್ತಿರಲಿಲ್ಲ. ಮೇಲೆ ಇಟ್ಟುಕೊಳ್ಳಬೇಕು, ಇಲ್ಲ ಜೂನಿಯರ್‌ಗೆ ವಾಪಸ್ ಕಳಿಸಬೇಕು. ಎಷ್ಟೋ ಹುಡುಗರು ಇಲ್ಲಿ ಅರೆಬೆಂದು ಹೋಗಿದ್ದಾರೆ. ಲೀಗ್ ಮತ್ತು ಆಟಗಾರರ ಸಂಘ 2025ರಲ್ಲಿ ಒಪ್ಪಿದ ಹೊಸ ಒಪ್ಪಂದ 19ರವರ ವಿಷಯದಲ್ಲಿ ಇದನ್ನು ಸಡಿಲಿಸಲು ದಾರಿ ಮಾಡಿದೆ. ಅದೇ ಒಪ್ಪಂದದಿಂದ 2026-27ಕ್ಕೆ ಸೀಸನ್ 82ರಿಂದ 84 ಪಂದ್ಯಕ್ಕೆ ಏರುತ್ತದೆ.

ಏಳನೇ ಹೆಜ್ಜೆ: ಹುಡುಗನನ್ನು ಎಲ್ಲಿ ನಿಲ್ಲಿಸಿದ್ದಾರೆ?

ಪ್ರತಿಭೆ ಎಷ್ಟಿದೆ ಅನ್ನುವುದಕ್ಕಿಂತ ಅದನ್ನು ಯಾರ ಪಕ್ಕದಲ್ಲಿ ನಿಲ್ಲಿಸಿದರು ಅನ್ನುವುದು ಸೀಸನ್ನನ್ನು ಬದಲಿಸುತ್ತದೆ. ಈ ಬರಹದಲ್ಲಿ ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಇದೇ.

ಯುರಾಯ್ ಸ್ಲಾಫ್ಕೋವ್ಸ್ಕಿಯನ್ನು ನೋಡಿ. 2022ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ, ಮಾಂಟ್ರಿಯಲ್ ತಂಡ. ಮೊದಲ ವರ್ಷ 39 ಪಂದ್ಯ, 10 ಪಾಯಿಂಟ್, ಆಮೇಲೆ ಮಂಡಿ ನೋವಿನಿಂದ ಹೊರಗೆ. ದಂಡ ಆಯ್ಕೆ ಅಂತ ಎಷ್ಟು ಜನ ಬರೆದರು! ಮರುವರ್ಷ ಕೋಚ್ ಮಾರ್ಟಿನ್ ಸೇಂಟ್ ಲೂಯಿ ಅವನನ್ನು ನಿಕ್ ಸುಜುಕಿ, ಕೋಲ್ ಕಾಫೀಲ್ಡ್ ಜೊತೆ ಮೊದಲ ಲೈನಿನಲ್ಲಿ ಇಟ್ಟು, ತೆಗೆಯಲಿಲ್ಲ. ಸೀಸನ್ ಮುಗಿದಾಗ 20 ಗೋಲ್, 50 ಪಾಯಿಂಟ್. ಹುಡುಗ ಒಂದು ವರ್ಷ ದೊಡ್ಡವನಾಗಿದ್ದ, ಅದೂ ಇದೆ. ಆದರೆ ಪಕ್ಕದಲ್ಲಿ ಪಾಸ್ ಕೊಡುವವನೊಬ್ಬ, ಗೋಲ್ ಹೊಡೆಯುವವನೊಬ್ಬ ಖಾಯಂ ಇದ್ದರೆ ಅವನ ಕೆಲಸ ಸ್ಪಷ್ಟವಾಗುತ್ತದೆ ಅಲ್ವಾ?

ಶಾರ್ಕ್ಸ್‌ನಲ್ಲಿ ಮ್ಯಾಕ್ಲಿನ್ ಸೆಲೆಬ್ರಿನಿಗೆ ಇಂಥ ಕಾಯುವಿಕೆ ಬೇಕಾಗಲಿಲ್ಲ. 2024ರ ಮೊದಲ ಆಯ್ಕೆ. ಮೊದಲ ಪಂದ್ಯದಲ್ಲೇ ಗೋಲ್, ನಂತರ ಗಾಯಕ್ಕೆ 12 ಪಂದ್ಯ ಹೋಯಿತು. ಉಳಿದ 70ರಲ್ಲಿ 25 ಗೋಲ್, 63 ಪಾಯಿಂಟ್, ಪಂದ್ಯಕ್ಕೆ ಸುಮಾರು 20 ನಿಮಿಷ. ಹದಿನೆಂಟರ ಹುಡುಗನಿಗೆ, ಅದೂ ಸೆಂಟರ್‌ನಲ್ಲಿ. ಸೆಂಟರ್ ಅಂದರೆ ಸ್ವಂತ ಗೋಲಿನ ಮುಂದೆಯೂ ಇಳಿದು ಕಾಯಬೇಕು, ಫೇಸ್‌ಆಫ್ ಗೆಲ್ಲಬೇಕು. ವಿಂಗ್‌ನಲ್ಲಿ ಜವಾಬ್ದಾರಿ ಕಡಿಮೆ. ಅದಕ್ಕೇ ಎಳೆ ಸೆಂಟರ್‌ಗಳನ್ನು ಮೊದಲು ವಿಂಗ್‌ನಲ್ಲಿ ಆಡಿಸುವ ರೂಢಿ.

ವಿಲ್ ಸ್ಮಿತ್‌ಗೆ ಆಗಿದ್ದು ಅದು. ಸಿನಿಮಾದವನಲ್ಲ, 2023ರ ನಾಲ್ಕನೇ ಆಯ್ಕೆ. ಸ್ವಭಾವತಃ ಸೆಂಟರ್, ಸೀಸನ್ ಶುರುವಿನಲ್ಲಿ ತಡವರಿಸಿದ. ಅವನನ್ನು ಸೆಲೆಬ್ರಿನಿಯ ಪಕ್ಕಕ್ಕೆ ವಿಂಗ್‌ಗೆ ಸರಿಸಿದ ಮೇಲೆ ಬೇರೆಯೇ ಆಟಗಾರ. ವರ್ಷದ ಕೊನೆಗೆ 18 ಗೋಲ್, 45 ಪಾಯಿಂಟ್.

ಇಷ್ಟಾದರೂ ಶಾರ್ಕ್ಸ್ 82ರಲ್ಲಿ ಗೆದ್ದಿದ್ದು 20. ಯಾಕೆ? ಮೂರನೇ, ನಾಲ್ಕನೇ ಲೈನ್ ನೋಡಿ, ಡಿಫೆನ್ಸ್ ನೋಡಿ. ಸೆಲೆಬ್ರಿನಿ ಬೆಂಚಿನಲ್ಲಿದ್ದ ಆ 40 ನಿಮಿಷಕ್ಕೆ ಉತ್ತರ ಇರಲಿಲ್ಲ. ಇದ್ದವರನ್ನೂ ಮಾರಿದರು: ಗೋಲಿ ಮೆಕೆಂಜಿ ಬ್ಲ್ಯಾಕ್‌ವುಡ್ ಕೊಲರಾಡೊಗೆ, ಮಿಕಾಯಲ್ ಗ್ರಾನ್ಲಂಡ್ ಡಲ್ಲಾಸ್‌ಗೆ. ಆ ಸೀಸನ್ ಗೆಲ್ಲುವುದು ಗುರಿಯೇ ಆಗಿರಲಿಲ್ಲ. ಹಿರಿಯರು ಹೋದ ಕಡೆ ಹುಡುಗರಿಗೆ ನಿಮಿಷ ಸಿಕ್ಕಿತು. ಇಂಥ ತಂಡ ನೋಡುವಾಗ ಅಂಕಪಟ್ಟಿ ಮಡಚಿಟ್ಟು ನಿಮಿಷದ ಪಟ್ಟಿ ಮಾತ್ರ ನೋಡಿ.

ಹುಡುಗನನ್ನು ಕೋಚ್ ನಿಜವಾಗಿ ನಂಬಿದ್ದಾನಾ ಅಂತ ತಿಳಿಯಲು ಒಂದೇ ಪರೀಕ್ಷೆ ಸಾಕು. ಒಂದು ಗೋಲ್ ಮುಂದಿರುವಾಗ ಕೊನೆಯ ಐದು ನಿಮಿಷ. ಐಸ್ ಮೇಲೆ ಇದ್ದಾನಾ? ಪವರ್ ಪ್ಲೇಯಲ್ಲಿ ಆಡಿಸುವುದು ಉಡುಗೊರೆ, ಎದುರಾಳಿ ಬಳಿ ಒಬ್ಬ ಕಡಿಮೆ ಇರುತ್ತಾನೆ. ಮುನ್ನಡೆ ಕಾಯಲು ಇಳಿಸುವುದು ನಂಬಿಕೆ. ಡಿಫೆನ್ಸ್ ಆಟಗಾರರಿಗೆ, ಗೋಲಿಗಳಿಗೆ ಈ ದಾರಿ ಇನ್ನೂ ಉದ್ದ.

ಇನ್ನೊಂದು ವಿಷಯ ಅಂಕಿಗಳಲ್ಲಿ ಸಿಗುವುದಿಲ್ಲ. ಹದಿನೆಂಟಕ್ಕೆ ಪರ ಊರು, ಒಬ್ಬನೇ. ಸೆಲೆಬ್ರಿನಿ ಮೊದಲ ವರ್ಷ ಶಾರ್ಕ್ಸ್‌ನ ಹಳೆಯ ಸ್ಟಾರ್ ಜೋ ಥಾರ್ನ್‌ಟನ್ ಕುಟುಂಬದ ಜೊತೆ ಇದ್ದ. ಕ್ರಾಸ್ಬಿ ಕೂಡ ಪಿಟ್ಸ್‌ಬರ್ಗ್‌ಗೆ ಬಂದಾಗ ಆ ತಂಡದ ದೊಡ್ಡ ಸ್ಟಾರ್ ಮಾರಿಯೊ ಲೆಮ್ಯೂ ಮನೆಯಲ್ಲೇ ಉಳಿದಿದ್ದ. ಹೊತ್ತಿಗೆ ಸರಿಯಾಗಿ ಊಟ ಹಾಕುವ ಮನೆ ಇದ್ದರೆ ಹುಡುಗನ ಫೆಬ್ರವರಿ ಚೆನ್ನಾಗಿರುತ್ತದೆ.

ಎಂಟನೇ ಹೆಜ್ಜೆ: ಕ್ಯಾಲೆಂಡರ್ ಜೊತೆ ಇಟ್ಟುಕೊಳ್ಳಿ

ಅಕ್ಟೋಬರ್‌ನಲ್ಲಿ ಎಲ್ಲ ಪ್ರಯೋಗ. ತೀರ್ಪು ಬೇಡ.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಅಂಕಪಟ್ಟಿಯ ಫೋಟೊ ತೆಗೆದಿಡಿ. ಆ ದಿನ ಪ್ಲೇಆಫ್ ಸ್ಥಾನದಲ್ಲಿರುವ ತಂಡಗಳಲ್ಲಿ ಸುಮಾರು ಮುಕ್ಕಾಲು ಪಾಲು ಏಪ್ರಿಲ್‌ನಲ್ಲೂ ಅಲ್ಲೇ ಇರುತ್ತವೆ. ಹಾಗಂತ ಬಾಗಿಲು ಮುಚ್ಚಿಲ್ಲ. 2019ರ ಜನವರಿ ಮೊದಲ ವಾರ ಸೇಂಟ್ ಲೂಯಿಸ್ ಬ್ಲೂಸ್ ಲೀಗಿಗೇ ಕೊನೆಯಲ್ಲಿತ್ತು. ಜನವರಿ 7ರಂದು ಜೋರ್ಡನ್ ಬಿನ್ನಿಂಗ್ಟನ್ ಅನ್ನುವ ರೂಕಿ (ಮೊದಲ ವರ್ಷದ) ಗೋಲಿಗೆ ಮೊದಲ ಸಲ ಪಂದ್ಯ ಶುರುಮಾಡುವ ಅವಕಾಶ ಸಿಕ್ಕಿತು. ಅವನಿಗೆ ಆಗ 25 ವರ್ಷ. ಜೂನ್‌ನಲ್ಲಿ ಕಪ್ ಬ್ಲೂಸ್ ಕೈಯಲ್ಲಿ.

ಜನವರಿ, ಫೆಬ್ರವರಿಯಲ್ಲಿ ಹುಡುಗರು ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ. ಸೆಲೆಬ್ರಿನಿ ಬಾಸ್ಟನ್ ಯೂನಿವರ್ಸಿಟಿಯಲ್ಲಿ ಆಡಿದ ಇಡೀ ಸೀಸನ್ 38 ಪಂದ್ಯ. ಇಲ್ಲಿ ಅಷ್ಟು ಪಂದ್ಯ ಹೊಸವರ್ಷದ ಹೊತ್ತಿಗೇ ಮುಗಿದಿರುತ್ತದೆ, ಇನ್ನೂ ಅರ್ಧ ಬಾಕಿ. ಕಾಲು ಭಾರ, ನಿದ್ದೆ ಕಡಿಮೆ, ರಾತ್ರಿಯೆಲ್ಲ ವಿಮಾನ. ಆಗ ಕೋಚ್ ಒಂದು ಪಂದ್ಯ ಕೂರಿಸಿದರೆ ಶಿಕ್ಷೆ ಅಂದುಕೊಳ್ಳಬೇಡಿ.

ಮಾರ್ಚ್ ಶುರುವಿನ ಟ್ರೇಡ್ ಗಡುವಿನ ಮರುದಿನ ನಿಮ್ಮ ಹಾಳೆಯನ್ನು ಹೊಸದಾಗಿ ಬರೆಯಿರಿ. ಗೆಲ್ಲುವ ತಂಡ ಹಿರಿಯರನ್ನು ತಂದು ಹುಡುಗರನ್ನು ಕೆಳಗೆ ಸರಿಸುತ್ತದೆ. ಸೋಲುವ ತಂಡ ಹಿರಿಯರನ್ನು ಮಾರಿ ಹುಡುಗರನ್ನು ಮೇಲೆ ಎಳೆಯುತ್ತದೆ. ಎರಡೂ ಅಲ್ಲದ ತಂಡವೇ ಪಾಪ. ಅವರು ಏನೂ ಮಾಡದೆ, ಪ್ಲೇಆಫ್‌ಗೆ ಒಂದೇ ಮೆಟ್ಟಿಲು ಹೊರಗಿರುವ ಒಂಬತ್ತನೇ ಸ್ಥಾನಕ್ಕೆ ಬರುತ್ತಾರೆ.

ಒಂಬತ್ತನೇ ಹೆಜ್ಜೆ: ಪ್ಲೇಆಫ್ ಬಂದಾಗ ಹಾಳೆ ತಿರುಗಿಸಿ ನೋಡಿ

ಪ್ಲೇಆಫ್‌ನಲ್ಲಿ ಒಂದೇ ಎದುರಾಳಿ ಜೊತೆ ಏಳು ಪಂದ್ಯದವರೆಗೆ ಆಡಬೇಕು. ಕೋಚ್‌ಗಳು ಪರಸ್ಪರ ಲೈನ್‌ಗಳನ್ನು ಬಾಯಿಪಾಠ ಮಾಡಿರುತ್ತಾರೆ. ಕೊನೆಯ ಬದಲಾವಣೆಯ ಬೆಲೆ ಹೆಚ್ಚುತ್ತದೆ. ಸೀಸನ್ ಪೂರ್ತಿ ಬರೆದ ಹಾಳೆಯಲ್ಲಿ ಈಗ ಹುಡುಕಬೇಕಾದ್ದು: ಯಾವ ಹುಡುಗ ಎಲ್ಲಿಂದ ಬಂದ, ಈ ಕೋಚ್‌ಗೆ ಅವನು ಮೊದಲೇ ಗೊತ್ತಾ?

2016ರ ಪೆಂಗ್ವಿನ್ಸ್‌ನಲ್ಲಿ ಕಾನರ್ ಶಿಯರಿ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗ. ಆ ಸೀಸನ್‌ನಲ್ಲಿ 44 ಪಂದ್ಯ, 10 ಪಾಯಿಂಟ್. ಬ್ರಯಾನ್ ರಸ್ಟ್ ಮೂರನೇ ಸುತ್ತಿನ ಆಯ್ಕೆ, 41 ಪಂದ್ಯ, 11 ಪಾಯಿಂಟ್. ಟಾಮ್ ಕುನ್‌ಹಾಕ್ಲ್ ನಾಲ್ಕನೇ ಸುತ್ತು. ಗೋಲಿ ಮ್ಯಾಟ್ ಮರ್ರೆಗೆ 21 ವರ್ಷ. ಅಂಕಿ ನೋಡಿ ಇವರನ್ನು ಯಾರೂ ಹೆದರಿಕೆಯಿಂದ ನೋಡುವುದಿಲ್ಲ. ಆದರೆ ಇವರೆಲ್ಲ ವಿಲ್ಕ್ಸ್-ಬ್ಯಾರಿಯಲ್ಲಿ ಸಲಿವನ್ ಕೈಕೆಳಗೆ ಆಡಿ ಬಂದವರು. ಅವರ ಪದ್ಧತಿ ಇವರಿಗೆ ಎನ್‌ಎಚ್‌ಎಲ್‌ನ ಹಿರಿಯರಿಗಿಂತ ಮೊದಲೇ ಗೊತ್ತಿತ್ತು. ಮೇಲೆ ಬಂದಾಗ ಹೊಸದಾಗಿ ಕಲಿಯುವುದು ಕಡಿಮೆ, ಓಡುವುದು ಜಾಸ್ತಿ. ಶಿಯರಿಯನ್ನು ನೇರ ಕ್ರಾಸ್ಬಿ ಪಕ್ಕಕ್ಕೇ ನಿಲ್ಲಿಸಿದರು.

ಟ್ಯಾಂಪಾ ಬೇ ವಿರುದ್ಧದ ಸರಣಿಯಲ್ಲಿ ಸಲಿವನ್ ಒಮ್ಮೆ ಹಿಂಜರಿದರು. ಐದನೇ ಪಂದ್ಯಕ್ಕೆ ಮರ್ರೆಯನ್ನು ಕೂರಿಸಿ, ತಲೆಪೆಟ್ಟಿನಿಂದ ಚೇತರಿಸಿಕೊಂಡಿದ್ದ ಹಿರಿಯ ಗೋಲಿ ಮಾರ್ಕ್-ಆಂದ್ರೆ ಫ್ಲೂರಿಗೆ ಅವಕಾಶ ಕೊಟ್ಟರು. ಓವರ್‌ಟೈಮ್‌ನಲ್ಲಿ ಸೋಲು. ಸರಣಿಯಲ್ಲಿ 2-3, ಇನ್ನೊಂದು ಸೋತರೆ ಮನೆಗೆ. ಆರನೇ ಪಂದ್ಯಕ್ಕೆ ಮತ್ತೆ ಮರ್ರೆ ಬಂದ, ಗೆದ್ದರು. ಏಳನೇ ಪಂದ್ಯ 2-1, ಎರಡೂ ಗೋಲ್ ರಸ್ಟ್‌ನದು. ಇಡೀ ಸೀಸನ್‌ನಲ್ಲಿ ನಾಲ್ಕೇ ಗೋಲ್ ಹೊಡೆದಿದ್ದವನು.

ಫೈನಲ್‌ನ ಎರಡನೇ ಪಂದ್ಯವನ್ನು ಓವರ್‌ಟೈಮ್‌ನಲ್ಲಿ ಮುಗಿಸಿದ್ದು ಶಿಯರಿ. ಜೂನ್ 12ರಂದು ಸ್ಯಾನ್ ಹೋಸೆಯಲ್ಲೇ ಆರನೇ ಪಂದ್ಯ ಗೆದ್ದು ಕಪ್ ತೆಗೆದುಕೊಂಡು ಹೋದರು. ಆ ಪ್ಲೇಆಫ್‌ನ 16 ಗೆಲುವುಗಳಲ್ಲಿ 15 ಮರ್ರೆ ಹೆಸರಿನಲ್ಲಿವೆ. ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಕ್ರಾಸ್ಬಿಗೆ ಹೋಯಿತು. ಕೆಸೆಲ್‌ಗೆ ಕೊಡಬೇಕಿತ್ತು ಅನ್ನುವವರು ಇವತ್ತಿಗೂ ಇದ್ದಾರೆ, ನಾನೂ ಅವರಲ್ಲೊಬ್ಬ.